ತವುಡಿನ ಜಿಡ್ಡು

ಯಂತ್ರ ಸುತ್ತಿ ನಿಂತಾಗ
ಹನ್ನೊಂದು ನಳಿಕೆಗಳಲ್ಲಿ ಒಣಹುಲ್ಲಿನ ಬಣ್ಣದ ತಿಳಿ,
ಹನ್ನೆರಡನೆಯದರಲ್ಲಿ ಗಂಜಿ.

ಕೆಳಗೆ ಕೆಂಪು ಕೂತಿದೆ, ಸರಿಯಾಗಿಯೇ ಕೂತಿದೆ.
ಮೇಲೆ ಮಾತ್ರ ಅನ್ನ ಬಸಿದ ನೀರಿನ ಹಾಗೆ ಬೆಳ್ಳಗೆ,
ಬೆಳಕಿಗೆ ಹಿಡಿದರೆ ಆಚೆಯ ನನ್ನ ಬೆರಳು ಕಾಣದು.
ಚೀಟಿ ಓದಿದೆ: ಹುಸೇನಪ್ಪ, ಐವತ್ತಮೂರು,
ಗಂಗಾವತಿ, ಜುಲೈನಗರ.

ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಆ ಮನುಷ್ಯ
ಹೊರಗೆ ಬೆಂಚಿನ ಮೇಲೆ
ಹತ್ತಿಯುಂಡೆಯನ್ನು ಇನ್ನೂ ಒತ್ತಿಕೊಂಡೇ
ನಮ್ಮ ಫ್ಯಾನಿನ ಸದ್ದು ಆಲಿಸುತ್ತಿದ್ದ.
"ಬೇರಿಂಗ್ ಒಣಗೇತ್ರಿ ಮೇಡಂ."
ಇಪ್ಪತ್ತೆಂಟು ವರ್ಷ ರೈಸ್ ಮಿಲ್ಲಿನಲ್ಲಿ
ಜರಡಿ ಕೂರಿಸಿದವನು, ಜರಡಿ ತಿಕ್ಕಿದವನು.

ಉಪವಾಸ ಇದ್ದಿರೇನು ಎಂದೆ.
"ನಿನ್ನಿ ಸಂಜಿ ಏಳಕ್ಕ ಎರಡು ಮಿರ್ಚಿ,
ಆಮ್ಯಾಲ ಏನೂ ಇಲ್ರಿ."
"ನಾಕು," ಎಂದಳು ಹಿಂದೆ ನಿಂತ ಫಕೀರಮ್ಮ.

ಅಂಕಿಗಳು ಬಂದವು. ಜಿಡ್ಡಿನದು ಐನೂರ ಹನ್ನೆರಡು.
ಕ್ರಿಯಾಟಿನಿನ್ ಎರಡು ಪಾಯಿಂಟ್ ಎಂಟು,
ಹೋದ ಯುಗಾದಿಗೆ ಎರಡಿತ್ತು.
ಮೂತ್ರದ ಡಬ್ಬಿಯಲ್ಲಿ ನೊರೆ,
ಅನ್ನ ಉಕ್ಕುವಾಗ ಮುಚ್ಚಳ ಎತ್ತುವಂಥ ನೊರೆ,
ಚಹಾ ಕುಡಿದು ಬಂದರೂ ಇಳಿದಿರಲಿಲ್ಲ.

ನಾನು ಓದಿದ್ದು ಇಷ್ಟು:
ಒಂದೊಂದು ಕಿಡ್ನಿಯಲ್ಲೂ ಹತ್ತು ಲಕ್ಷ ಜರಡಿ,
ಕೂದಲಿಗಿಂತ ಸಣ್ಣ ನಾಳಗಳ ಗಂಟು ಒಂದೊಂದೂ.
ರಕ್ತದ ಜಿಡ್ಡು ಅಲ್ಲಿ ಹೋಗಿ ಕೂರಬಹುದು,
ಕೂತದ್ದು ಕಮಟು ಹಿಡಿಯಬಹುದು,
ಕಮಟಿಗೆ ಉರಿ ಏಳಬಹುದು, ಉರಿ ಆರಿದಲ್ಲಿ
ಕಲೆ ಗಟ್ಟಿಯಾಗಬಹುದು.
ಪುಸ್ತಕದ ಪ್ರತಿ ಸಾಲೂ ಬಹುದು ಎಂದೇ ಮುಗಿಯುತ್ತಿತ್ತು.
ಪರೀಕ್ಷೆಯಲ್ಲಿ ನಾನು "ಆಗುತ್ತದೆ" ಎಂದು ಬರೆದು ಪಾಸಾದೆ.

"ಇದಾಗಿದ್ದಕ್ಕ ಅದಾತೋ, ಅದಾಗಿದ್ದಕ್ಕ ಇದಾತೋ?"
ಡಾಕ್ಟರನ್ನು ಕೇಳಿ.
"ಕೇಳೀನ್ರಿ. ಎರಡೂ ಅಂದ್ರು."

ಎರಡೂ. ಜಿಡ್ಡು ಕಿಡ್ನಿಯನ್ನು ಕೆಡಿಸುತ್ತ,
ಕೆಟ್ಟ ಕಿಡ್ನಿ ಮೈಯ ಸತ್ವವನ್ನು ಸೋರಿಸುತ್ತ,
ಸೋರಿದ್ದನ್ನು ತುಂಬಲು ಹೊರಟ ಲಿವರು
ಇನ್ನಷ್ಟು ಜಿಡ್ಡನ್ನೇ ಹೊರಗೆ ತಳ್ಳುತ್ತ.

ಅವನಿಗೆ ಇದು ಹೊಸದೇನಲ್ಲ.
"ತವುಡಿನಾಗ ಎಣ್ಣಿ ಇರತೈತ್ರಿ, ಕಾಣಂಗಿಲ್ಲ.
ಜಾಳಿಗಿ ಕಣ್ಣಿಗೆ ಮೆತ್ಕೊಂಡು ಕುಂದರತೈತಿ.
ಕಣ್ಣು ಮುಚ್ಚಿದಂಗ ತವುಡು ನಿಲ್ತೈತಿ,
ತವುಡು ನಿಂತಂಗ ಕಣ್ಣು ಮುಚ್ಚತಾವ.
ಮೊದಲ ಯಾವುದು ಅಂತ ಕೇಳ್ಕೊಂತ ಕುಂತ್ರ
ಸೇಠ್ ಪಗಾರ ಕೊಡ್ತಾನೇನ್ರಿ?"

ಮಿಲ್ಲಿನ ಜರಡಿಗೆ ತೆಂಗಿನ ನಾರಿನ ಬ್ರಷ್ಷು ಇದೆ.
ಹರಿದರೆ ನಾಲ್ಕು ಬೋಲ್ಟು, ಒಂದು ತಾಸು, ಹೊಸದು.
ಇದಕ್ಕೆ ಬೋಲ್ಟು ಇಲ್ಲ. ಹೋದ ಜರಡಿ ಹೋಯಿತು,
ಅದರ ಪಾಲನ್ನೂ ಸೋಸಿ ಸೋಸಿ
ಉಳಿದವು ಬೇಗ ಸವೆಯುತ್ತವೆ.
ನಾನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವಲ್ಲ.
ಚೀಟಿಯ ಕೆಳಗೆ "ಮಾದರಿ ಕಲಕಾಗಿದೆ" ಎಂದು ಬರೆದು
ಸೀಲು ಒತ್ತುವುದು ನನ್ನ ಕೆಲಸ.

"ಗುಳಿಗಿ ಎಷ್ಟು ದಿನ?" ಎಂದಳು ಫಕೀರಮ್ಮ.
ದಿನಾಲೂ, ಎಂದೆ.
"ಅಂದ್ರ ಎಷ್ಟು ದಿನ?"

ಹೋದವರು ತಿರುಗಿ ಬಂದರು.
ಸೈಕಲ್ಲಿನ ಚೀಲದಲ್ಲಿ ಅವನ ಎಣ್ಣೆಡಬ್ಬಿ ಇತ್ತಂತೆ,
ಉದ್ದ ಮೂತಿಯದು, ಹೆಬ್ಬೆಟ್ಟಿನಿಂದ ಟಕ್ ಎನಿಸುವಂಥದು.
ಬೇಡವೆಂದರೂ ಸ್ಟೂಲು ಹತ್ತಿದ,
ಬಾತ ಪಾದಗಳಲ್ಲಿ ಚಪ್ಪಲಿಯ ಗುರುತು ಆಳಕ್ಕಿಳಿದಿತ್ತು.
ಟಕ್. ಟಕ್.
"ಎರಡು ಹನಿ ಸಾಕ್ರಿ. ಹೆಚ್ಚಾದ್ರ
ಧೂಳು ಹಿಡದು ಅದಾ ಕಟಗೊಂತೈತಿ."

ಫಕೀರಮ್ಮ ಸ್ಟೂಲು ಹಿಡಿದು ನಿಂತಿದ್ದಳು,
ಏನೂ ಅನ್ನಲಿಲ್ಲ.